ರಾಯರು ಕೂರಿಸಿದವರು

ನೀಲಿ ಅದ್ದಿ, ಗಂಜಿ ಹಾಕಿ, ಇದ್ದಿಲಿನ ಇಸ್ತ್ರಿಪೆಟ್ಟಿಗೆಯಲ್ಲಿ ತೀಡಿದ ಬಿಳಿ ಟವೆಲ್ಲಿಗೆ ತನ್ನದೇ ಒಂದು ವಾಸನೆ ಇರುತ್ತದೆ. ಅದರಲ್ಲಿ ಸ್ವಲ್ಪ ಅನ್ನ, ಸ್ವಲ್ಪ ಹೊಗೆ, ಸ್ವಲ್ಪ ಸರ್ಕಾರ. ಮಯೂರ್ ವಿಹಾರ್‌ನಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯ ಆಫೀಸಿನ ಬಾಗಿಲನ್ನು ಹೋದ ವಾರ ತಳ್ಳಿದಾಗ ಆ ವಾಸನೆ ಬಂತು. ಎಂದಿನ ಫಿನಾಯಿಲು, ಎಂದಿನ ಹಳೇ ರಿಜಿಸ್ಟರುಗಳ ಧೂಳು, ಅವುಗಳ ನಡುವೆ ಇದು. ನೋಡಿದರೆ ಕೇರ್‌ಟೇಕರ್ ರಾಮ್‌ಪಾಲ್ ಅಧ್ಯಕ್ಷರ ಕುರ್ಚಿಯ ಬೆನ್ನಿಗೆ ಬಿಳಿ ಟವೆಲ್ ಹೊದಿಸಿ, ಅದರ ಅಂಚುಗಳನ್ನು ಮದುಮಗಳ ಸೆರಗಿನಂತೆ ಸರಿಮಾಡುತ್ತಿದ್ದ.

"ಆಪ್ ಕೇ ಲಿಯೇ, ಸರ್‌ಜೀ," ಎಂದ. "ಸಂಡೇ ಕೋ ಬೈಠ್‌ನಾ ಹೈ ನ."

ಹೌದು, ಭಾನುವಾರ ನಾನು ಆ ಕುರ್ಚಿಯಲ್ಲಿ ಕೂರಬೇಕಿತ್ತು. ಚುನಾವಣೆಯಲ್ಲಿ ಗೆದ್ದೆ ಎಂದರೆ ಅರ್ಧ ಸುಳ್ಳಾದೀತು; ಬೇರೆ ಯಾರೂ ನಿಂತಿರಲಿಲ್ಲ. ನೀರಿನ ಟ್ಯಾಂಕು, ಲಿಫ್ಟು, ಬೀದಿನಾಯಿಗಳು, ಬೀದಿನಾಯಿಗಳ ಪರ ಇರುವವರು, ವಿರುದ್ಧ ಇರುವವರು, ಇಷ್ಟನ್ನೂ ನಿವೃತ್ತನಾದವನ ತಲೆಗೆ ಕಟ್ಟಿದರೆ ತಮಗೂ ನೆಮ್ಮದಿ, ಅವನಿಗೂ ಹೊತ್ತು ಹೋಗುತ್ತದೆ ಎಂದು ಜನ ಲೆಕ್ಕ ಹಾಕಿದ್ದರು.

ಅದಕ್ಕೊಂದು ಆಮಂತ್ರಣ. ಹಳೆಯ ಅಧ್ಯಕ್ಷ ಚೋಪ್ರಾ ಸಾಹೇಬರು ಅದರ ಇಂಗ್ಲಿಷನ್ನು ತಾವೇ ಬರೆದು ಕಳಿಸಿದ್ದರು. ಹೊಸ ಅಧ್ಯಕ್ಷರನ್ನು ಬೆಳಿಗ್ಗೆ ಹನ್ನೊಂದಕ್ಕೆ 'ಇನ್‌ಸ್ಟಾಲ್' ಮಾಡಲಾಗುವುದು ಎಂದು ಅದರ ಒಕ್ಕಣೆ. ಗುರುಗ್ರಾಮದ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ಮಗಳು ನಿಧಿ ಅದನ್ನು ಫೋನಿನಲ್ಲಿ ಚೆಂದ ಮಾಡುತ್ತ ಕೂತಿದ್ದವಳು ಮೂಗು ಮುರಿದಳು.

"ಅಪ್ಪ, ಇನ್‌ಸ್ಟಾಲ್ ಅಂತೆ. ನೀನೇನು ಗೀಸರಾ? 'ಟೇಕ್ಸ್ ಓವರ್' ಅಂತ ಹಾಕ್ತೀನಿ. ಸೌಂಡ್ಸ್ ಬೆಟರ್."

"ಬೇಡ. ಹಾಗೇ ಇರಲಿ."

"ವೈ?"

ಯಾಕೆ ಎಂದು ಅವಳಿಗೆ ಹೇಳಲು ಹೊರಟರೆ ಆರ್.ಕೆ.ಪುರಂನಿಂದ ಶುರು ಮಾಡಬೇಕು, ಅಷ್ಟು ಪುರುಸೊತ್ತು ಅವಳಿಗಿಲ್ಲ. ನಿಮಗಿದೆ ಎಂದುಕೊಂಡಿದ್ದೇನೆ.

ನಮ್ಮಪ್ಪ ರಾಜಧಾನಿಯಲ್ಲಿ ಕೇಂದ್ರ ಸರ್ಕಾರದ ಗುಮಾಸ್ತರು. ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಾವು ನೆಲಮಹಡಿ, ಮೇಲಿನ ಮಹಡಿ ವೆಂಕಟರಾಯರದು. ರಾಯರು, ಅವರ ಹೆಂಡತಿ ಸರೋಜಮ್ಮ, ಮುಂದೆ ಮದುವೆಯಾಗಿ ಹೋದ ಒಬ್ಬ ಮಗಳು. ಸರೋಜಮ್ಮನನ್ನು ನಾನು ಅತ್ತೆ ಎನ್ನುತ್ತಿದ್ದೆ, ರಾಯರನ್ನು ಮಾತ್ರ ಮಾವ ಎನ್ನಲು ಧೈರ್ಯ ಬರದೆ ಎಲ್ಲರಂತೆ ರಾಯರೇ ಎನ್ನುತ್ತಿದ್ದೆ. ನನ್ನ ಕನ್ನಡದಲ್ಲಿ ಮುಕ್ಕಾಲು ಪಾಲು ರಾಯರದು. ಚಳಿಗಾಲದ ಭಾನುವಾರಗಳಲ್ಲಿ ತಾರಸಿಯ ಬಿಸಿಲಿಗೆ ಚಾಪೆ ಹಾಸಿ, ಆಫೀಸಿನ ರದ್ದಿ ಕಾಗದದ ಬೆನ್ನ ಮೇಲೆ ಕಾಗುಣಿತ ಬರೆಸಿದವರು ಅವರು. ಮುಂದಿನ ಪುಟದಲ್ಲಿ ಯಾವುದೋ ಅಧಿಕಾರಿಯ ವರ್ಗಾವಣೆ, ಹಿಂದಿನ ಪುಟದಲ್ಲಿ ನನ್ನ ಕಾ ಕಿ ಕೀ. ಇವತ್ತಿಗೂ 'ಖ' ಬರೆಯುವಾಗ ನನಗೆ ಕಿತ್ತಳೆ ಸಿಪ್ಪೆ ನೆನಪಾಗುತ್ತದೆ, ಯಾಕೆಂದರೆ ಸರಿಯಾಗಿ ಬರೆದರೆ ಒಂದು ತೊಳೆ ಸಿಗುತ್ತಿತ್ತು.

ರಾಯರ ಕೆಲಸ ವಿಚಿತ್ರದ್ದು. ಒಂದು ಸಚಿವಾಲಯದ ಸಾಮಾನ್ಯ ಶಾಖೆಯಲ್ಲಿ ಅವರು ಸಹಾಯಕರು. ಹೊಸ ಅಧಿಕಾರಿ ಬಂದಾಗಲೆಲ್ಲ ಅವರ ಕೋಣೆಯನ್ನು ಅಣಿಗೊಳಿಸಿ, ಅಧಿಕಾರ ವಹಿಸಿಕೊಂಡೆ ಎನ್ನುವ ವರದಿಗೆ ಸಹಿ ಹಾಕಿಸುವುದು ಅವರ ಪಾಲಿಗೆ ಬಂದಿತ್ತು. ಬೇರೆಯವರಾಗಿದ್ದರೆ ಐದು ನಿಮಿಷದಲ್ಲಿ ಮುಗಿಸುತ್ತಿದ್ದರು. ರಾಯರು ಅದನ್ನೊಂದು ಪೂಜೆ ಮಾಡಿಕೊಂಡಿದ್ದರು. ಹಳೆಯ ಅಧಿಕಾರಿಯ ಹೆಸರಿನ ಫಲಕವನ್ನು ಅವರು ಕಟ್ಟಡ ಬಿಟ್ಟು ಹೋಗುವ ತನಕ ತೆಗೆಯುತ್ತಿರಲಿಲ್ಲ. ಕುರ್ಚಿ ಗಟ್ಟಿಯಿದೆಯೇ ಎಂದು ಕೈಯಲ್ಲಿ ಒತ್ತಿ ನೋಡುತ್ತಿದ್ದರೇ ಹೊರತು ಪರೀಕ್ಷೆಗೆಂದೂ ಅದರಲ್ಲಿ ಕೂತವರಲ್ಲ. ಸರ್ಕಾರ ಕೊಡುವ ಟವೆಲ್ಲಿನ ಬಿಳುಪು ಅವರಿಗೆ ಸಾಲದು, ಅದನ್ನು ಮನೆಗೆ ತಂದು ಹೆಂಡತಿಯ ಕೈಲಿ ನೀಲಿ ಹಾಕಿಸಿ ಒಯ್ಯುತ್ತಿದ್ದರು. ಅಧಿಕಾರಿ ಬಾಗಿಲಿಗೆ ಬಂದರೆ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆಳೆದು, ಮಲಗಿದ ಮಗುವನ್ನು ಎಬ್ಬಿಸುವವರ ಹಾಗೆ ಅದರ ಮೆತ್ತೆಯನ್ನು ಎರಡು ಸಲ ತಟ್ಟಿ, ಮೆಲ್ಲಗೆ "ಬನ್ನಿ, ಕೂತ್ಕೊಳ್ಳಿ" ಅನ್ನುವರು. ಕನ್ನಡದಲ್ಲಿ. ಬಂದವರು ಬಿಹಾರದವರೋ ಅಸ್ಸಾಮಿನವರೋ ಇರಲಿ, ಆ ಮಾತು ಮಾತ್ರ ಕನ್ನಡದಲ್ಲೇ.

"ಅವರಿಗೆ ಅರ್ಥ ಆಗುತ್ತಾ?" ಎಂದು ನಾನೊಮ್ಮೆ ಕೇಳಿದ್ದೆ.

"ಕುರ್ಚಿ ತೋರಿಸಿ ಹೇಳಿದರೆ ಯಾವ ಭಾಷೆಯಾದರೂ ಅರ್ಥ ಆಗುತ್ತೆ ಕಣೋ."

ಸಂಜೆ ಬಂದು ಚಪ್ಪಲಿ ಬಿಡುತ್ತ, "ಇವತ್ತೊಬ್ಬ ಜಾಯಿಂಟ್ ಸೆಕ್ರೆಟರೀನ ಕೂರಿಸಿ ಬಂದೆ ಕಣೇ," ಎನ್ನುವರು, ಗಣೇಶನನ್ನು ಕೂರಿಸಿ ಬಂದವರ ಧಾಟಿಯಲ್ಲಿ. ಸರೋಜತ್ತೆ ಒಳಗಿನಿಂದ, "ವರ್ಗ ಆಗೋವರೆಗೂ ಚೆನ್ನಾಗಿರಲಿ. ಕಾಫಿ ಆರ್ತಿದೆ, ನೀವೂ ಕೂತ್ಕೊಳ್ಳಿ," ಎನ್ನುವರು.

ಈ 'ಕೂರಿಸುವುದು' ಎಂಬುದನ್ನೇ ಅವರು ಇಂಗ್ಲಿಷಿನಲ್ಲಿ 'ಇನ್‌ಸ್ಟಾಲ್' ಎನ್ನುತ್ತಿದ್ದರು. ಆ ಶಬ್ದದ ಮೇಲೆ ಅವರಿಗಿದ್ದ ಪ್ರೀತಿಯನ್ನು ಏನೆಂದು ಹೇಳಲಿ. ಅವರ ಮೇಜಿನ ಮೇಲೆ ಬೆನ್ನು ಕಿತ್ತುಹೋದ ಒಂದು ದಪ್ಪ ನಿಘಂಟು ಇತ್ತು. ನನ್ನ ಶಾಲೆಯ ಪ್ರಬಂಧಗಳನ್ನು ಅದರ ಮುಂದಿಟ್ಟುಕೊಂಡೇ ತಿದ್ದುವರು. ಶಾಲೆಯ ನಾಯಕನನ್ನು 'ಅಪಾಯಿಂಟ್' ಮಾಡಿದರು ಎಂದು ನಾನು ಬರೆದಾಗ ಪೆನ್ನು ಕೆಳಗಿಟ್ಟರು.

"ಅಪಾಯಿಂಟ್ ಆಗೋದು ಕಾಗದದ ಮೇಲೆ. ರಾಷ್ಟ್ರಪತಿಗಳು ಸಂತೋಷದಿಂದ ನೇಮಿಸಿದ್ದಾರೆ ಅಂತ ಆರ್ಡರ್ ಬರುತ್ತೆ. ಅವರಿಗೆ ಸಂತೋಷ ಆದರೆ ಸಾಕಾ? ಕುರ್ಚಿಗೂ ಆಗಬೇಡವಾ? ಜಾಯಿನ್ ಆದ ಅನ್ನು, ಚಾರ್ಜ್ ತಗೊಂಡ ಅನ್ನು, ಅವೆಲ್ಲ ಒಬ್ಬನೇ ಮಾಡ್ಕೊಳ್ಳೋ ಕೆಲಸ. ನಿಮ್ಮ ಶಾಲೇಲಿ ಏನು ಮಾಡಿದರು? ಮೇಷ್ಟ್ರು ಕೈ ಹಿಡಿದು ಮುಂದೆ ನಿಲ್ಲಿಸಿದರಾ? ಎಲ್ಲರೂ ನೋಡಿದರಾ?"

"ಹೂಂ."

"ಹಾಗಾದರೆ ಇನ್‌ಸ್ಟಾಲ್ ಅಂತ ಬರಿ. ಅದಕ್ಕೆ ಇನ್ನೊಬ್ಬರು ಬೇಕು. ನೀನು ಇಲ್ಲಿರು, ಇದು ನಿನ್ನ ಜಾಗ ಅಂತ ಹೇಳೋರು ಒಬ್ಬರು."

ಇನ್ನೊಂದು ಹುಚ್ಚೂ ಇತ್ತು. ಅಧಿಕಾರ ವಹಿಸಿಕೊಳ್ಳುವ ಕಾಗದದಲ್ಲಿ ತಾರೀಖಿನ ಪಕ್ಕದಲ್ಲಿ ಫೋರ್‌ನೂನೋ ಆಫ್ಟರ್‌ನೂನೋ ಎಂದು ಬರೆಯುವುದು ಸರ್ಕಾರಿ ರೂಢಿ. ಸಾಮಾನ್ಯವಾಗಿ ಅಧಿಕಾರ ತೆಗೆದುಕೊಳ್ಳುವುದು ಫೋರ್‌ನೂನಿನಲ್ಲಿ, ಬಿಡುವುದು ಆಫ್ಟರ್‌ನೂನಿನಲ್ಲಿ. ರಾಯರು ಇದನ್ನು ಬಾಳಿಗೇ ಹೊಂದಿಸಿಕೊಂಡುಬಿಟ್ಟಿದ್ದರು. ಮಧ್ಯಾಹ್ನ ಹನ್ನೆರಡು ಅವರ ಪಾಲಿಗೆ ಒಂದು ಹೊಸ್ತಿಲು. ಈಚೆಗೆ ಶುರುವಾಗುವ ಕೆಲಸಗಳು, ಆಚೆಗೆ ಮುಗಿಯುವ ಕೆಲಸಗಳು. ನಮ್ಮ ಮನೆಗೆ ಮೊದಲ ಸೋಫಾ ಬಂದದ್ದು ಮಧ್ಯಾಹ್ನ ಮೂರಕ್ಕೆ. ಮಾರನೆಯ ಬೆಳಿಗ್ಗೆ ರಾಯರು ಇಳಿದು ಬಂದು ನಮ್ಮಮ್ಮನನ್ನು ಅದರಲ್ಲಿ ಕೂರಿಸುವ ತನಕ ನಾವೆಲ್ಲ ಸೋಫಾದ ಮುಂದೆ ನೆಲದ ಮೇಲೆ ಕೂತಿದ್ದೆವು. ಅಪ್ಪ ಗೊಣಗಿದರು, ಆದರೂ ನೆಲದ ಮೇಲೇ ಕೂತರು.

ನನ್ನನ್ನೂ ಅವರು ಕೂರಿಸಿದ್ದಾರೆ. ಹೌಜ್ ಖಾಸ್ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿದಾಗ ಮೊದಲ ದಿನ ಅರ್ಧ ದಿನದ ರಜೆ ಹಾಕಿ ನನ್ನ ಜೊತೆ ಬಸ್ಸು ಹತ್ತಿದರು. ಗೇಟಿನ ತನಕ ಎಂದುಕೊಂಡಿದ್ದೆ. ತರಗತಿಯೊಳಗೇ ಬಂದರು. ನಲವತ್ತು ಹುಡುಗರು ನೋಡುತ್ತಿದ್ದ ಹಾಗೆ ಎರಡನೆಯ ಸಾಲಿನ ಬೆಂಚನ್ನು ಕರವಸ್ತ್ರದಿಂದ ಒರೆಸಿ, ಎರಡು ಸಲ ತಟ್ಟಿ, "ಬಾ, ಕೂತ್ಕೋ," ಎಂದರು. ಕೂತೆ. ನನ್ನ ಕಿವಿ ಬಿಸಿಯಾಗಿತ್ತು. ಅವರು ಗಡಿಯಾರ ನೋಡಿಕೊಂಡು ತೃಪ್ತಿಯಿಂದ ಹೊರಟರು. ಹಿಂದಿನ ಸಾಲಿನಿಂದ ಯಾರೋ "ಕೂತ್ಕೋ" ಎಂದು ಅಣಕಿಸಿದರು, ಎಲ್ಲರೂ ನಕ್ಕರು. ಅಲ್ಲಿಂದ ನಾಲ್ಕು ವರ್ಷ ಕಾಲೇಜಿನಲ್ಲಿ ನನ್ನ ಹೆಸರೇ 'ಕೂತ್ಕೋ ಸಾಬ್'.

ಇದನ್ನು ನೆನಪಿನಲ್ಲಿಡಿ. ಮುಂದಿನದನ್ನು ಹೇಳುವಾಗ ನನ್ನ ಪರವಾಗಿ ಹೇಳಿಕೊಳ್ಳಲು ಇಷ್ಟೇ ಇರುವುದು.

ನಾನು ಕೊನೆಯ ವರ್ಷದಲ್ಲಿದ್ದಾಗ ರಾಯರ ನಿವೃತ್ತಿ ಬಂತು. ಎಷ್ಟೋ ವರ್ಷದಿಂದ ಕಡತಗಳ ಕೆಳಗೆ ಸಿಕ್ಕಿಬಿದ್ದಿದ್ದ ಅವರ ಬಡ್ತಿಯ ಆದೇಶವೂ ಬಂತು, ಸೇವೆ ಮುಗಿಯಲು ಮೂರೇ ದಿನ ಇರುವಾಗ. ಸೆಕ್ಷನ್ ಆಫೀಸರ್. ಕೈಗಳಿರುವ ಕುರ್ಚಿ, ಬೆನ್ನಿಗೆ ಟವೆಲ್. ಅಪ್ಪ, "ಮೂರು ದಿನಕ್ಕೆ ಯಾಕ್ರೀ ಈ ಸಂಭ್ರಮ?" ಎಂದು ನಗೆಯಾಡಿದರೆ ರಾಯರು, "ಮೂರು ದಿನ ಅಂದರೆ ಮೂರು ಫೋರ್‌ನೂನು," ಎಂದರು.

ಆ ಸಂಜೆ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿದರು. "ನಾಳೆ ಬೆಳಿಗ್ಗೆ ಹತ್ತೂವರೆಗೆ ಆಫೀಸಿನ ಕಡೆ ಬರೋಕಾಗುತ್ತಾ? ಗೇಟಲ್ಲಿ ಪಾಸ್ ಮಾಡಿಸಿಟ್ಟಿರ್ತೀನಿ."

"ಏನು ಕೆಲಸ, ರಾಯರೇ?"

"ಕೆಲಸ ಏನಿಲ್ಲ. ಒಂದು ಮಾತು ಹೇಳಬೇಕು, ಅಷ್ಟೇ." ಜೇಬಿನಲ್ಲಿ ಇಲ್ಲದ ಏನನ್ನೋ ಹುಡುಕಿದರು. "ಅಲ್ಲಿ ಯಾರಿಗೂ ಕನ್ನಡ ಬರಲ್ಲ ನೋಡು."

ಯಾವ ಮಾತು ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ. ಬರುತ್ತೇನೆ ಎಂದೆ.

ಮರುದಿನ ಹೊರಟೆ ಕೂಡ. ಬಸ್ ಸ್ಟಾಪಿನಲ್ಲಿ ಸಹಪಾಠಿಗಳು ಸಿಕ್ಕಿದರು. "ಅರೇ ಕೂತ್ಕೋ ಸಾಬ್, ಕಿಧರ್?" ಎಲ್ಲಿಗೂ ಇಲ್ಲ ಎಂದೆ. ಆ ಕ್ಷಣದಲ್ಲಿ ರಾಯರ ಶಾಖೆ ನನ್ನ ಕಣ್ಣ ಮುಂದೆ ಬಂತು: ಇಪ್ಪತ್ತು ಮೇಜು, ಇಪ್ಪತ್ತು ತಲೆ, ನಡುವೆ ನಾನು ಕುರ್ಚಿ ಎಳೆದು, ಮೆತ್ತೆ ತಟ್ಟಿ, ಕನ್ನಡದಲ್ಲಿ ಆ ಮಾತು ಹೇಳುವುದು. ಮತ್ತೆ ಕಿವಿ ಬಿಸಿಯಾಯಿತು. ಗೆಳೆಯರ ಜೊತೆ ಹೌಜ್ ಖಾಸ್‌ನ ಕೆರೆಯ ದಂಡೆಗೆ ಹೋಗಿ ಹುಲ್ಲಿನ ಮೇಲೆ ಕೂತು ಬ್ರೆಡ್ ಪಕೋಡ ತಿಂದೆ. ಮಧ್ಯಾಹ್ನ ಹೋದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ರಾಯರ ಬಳಿ ಹನ್ನೆರಡು ವರ್ಷ ಪಾಠ ಕಲಿತವನು, ಮಧ್ಯಾಹ್ನ ಎಂದರೇನೆಂದು ಗೊತ್ತಿದ್ದವನು.

ಎರಡು ಗಂಟೆಗೆ ಅವರ ಆಫೀಸಿನ ಗೇಟು ಮುಟ್ಟಿದೆ. ಪಾಸು ಕೊಡುವ ಕಿಟಕಿಯಲ್ಲಿದ್ದ ಕಾವಲುಗಾರ ನನ್ನ ಹೆಸರು ಕೇಳಿ ಒಂದು ಚೀಟಿ ಹೊರತೆಗೆದ. "ಸುಬಹ್ ಸೇ ಪಡಾ ಹೈ. ರಾವ್ ಸಾಬ್ ತೀನ್ ಬಾರ್ ಆಕೇ ಪೂಛ್ ಗಯೇ." ಬೆಳಗಿನಿಂದ ಬಿದ್ದಿದೆ, ಮೂರು ಸಲ ಇಳಿದು ಬಂದು ವಿಚಾರಿಸಿಕೊಂಡು ಹೋದರು. ಚೀಟಿಯ ಮೇಲೆ ರಾಯರ ದುಂಡನೆಯ ಅಕ್ಷರದಲ್ಲಿ 10.30 ಎಂದಿತ್ತು. ಲಿಫ್ಟು ಕೆಟ್ಟು ನಿಂತಿತ್ತು. ನಾಲ್ಕನೆಯ ಮಹಡಿಗೆ ಮೆಟ್ಟಿಲು ಹತ್ತುತ್ತ, ಅವರು ಹೀಗೇ ಮೂರು ಸಲ ಇಳಿದು ಹತ್ತಿದ್ದನ್ನು ಎಣಿಸಿದೆ.

ಕೊಠಡಿಯ ಕೊನೆಯಲ್ಲಿ ಗಾಜಿನ ತಡಿಕೆಯ ಹಿಂದೆ ಹೊಸ ಕುರ್ಚಿ. ಬಿಳಿ ಟವೆಲ್. ಖಾಲಿ. ಅದರ ಈಚೆ, ಎಂದಿನ ಕಟ್ಟಿಗೆಯ ಕುರ್ಚಿಯಲ್ಲಿ ರಾಯರು ಎಂದಿನಂತೆ ಏನೋ ಬರೆಯುತ್ತಿದ್ದರು. ನನ್ನನ್ನು ನೋಡಿ ಕನ್ನಡಕ ತೆಗೆದರು.

"ಬಂದೆಯಾ. ಊಟ ಆಯ್ತಾ?"

"ಬಸ್ಸು ಸಿಗಲಿಲ್ಲ," ಎಂದೆ.

"ಈ ಊರಿನ ಬಸ್ಸೇ ಹಾಗೆ. ಚಾ ಕುಡೀತೀಯಾ?"

ಪಕ್ಕದ ಮೇಜಿನ ಗುಮಾಸ್ತರೊಬ್ಬರು ನಗುತ್ತ ನನಗೆ ದೂರು ಹೇಳಿದರು: ನಿಮ್ಮ ಅಂಕಲ್ ಕಾಗದಕ್ಕೆ ನಿಂತುಕೊಂಡೇ ಸಹಿ ಹಾಕಿದರು, ಬೈಠಿಯೇ ಬೈಠಿಯೇ ಎಂದು ನಾವೆಲ್ಲ ಹೇಳಿದರೂ ಕೂರಲಿಲ್ಲ. "ಕೂತ್ಕೊಳ್ಳೋದೇನು, ನಾಳೆ ಕೂತರಾಯ್ತು," ಎಂದರು ರಾಯರು, ನನ್ನ ಕಡೆ ನೋಡದೆ. ನಾಳೆ ಬರಲೇ ಎಂದು ಕೇಳಬೇಕಿತ್ತು. ಚಾ ಕುಡಿದು ಹೊರಟುಬಿಟ್ಟೆ. ಒಮ್ಮೆ ಕೇಳಿ ತಪ್ಪಿದ್ದನ್ನು ಅವರು ಎರಡನೆಯ ಸಲ ಕೇಳುವವರಲ್ಲ. ಮೂರು ದಿನವೂ ಕಟ್ಟಿಗೆಯ ಕುರ್ಚಿಯಲ್ಲೇ ಸೆಕ್ಷನ್ ಆಫೀಸರಾಗಿದ್ದು, ಮೂರನೆಯ ದಿನದ ಆಫ್ಟರ್‌ನೂನಿನಲ್ಲಿ ಮನೆಗೆ ಬಂದರು.

ಕ್ವಾರ್ಟರ್ಸು ಬಿಟ್ಟು ಅವರು ಮಗಳ ಹತ್ತಿರಕ್ಕೆಂದು ಮಯೂರ್ ವಿಹಾರ್‌ಗೆ ಬಂದರು. ಎಷ್ಟೋ ವರ್ಷಗಳ ಮೇಲೆ ನಾನೂ ಇಲ್ಲಿಗೇ ಬಂದೆ. ಮನೆ ಹುಡುಕುವಾಗ ಇಲ್ಲಿಂದ ಮೆಟ್ರೋ ಹತ್ತಿರ ಎಂದು ಎಲ್ಲರಿಗೂ ಹೇಳಿದ್ದೆ. ಗೃಹಪ್ರವೇಶದ ಬೆಳಿಗ್ಗೆ ರಾಯರು ಕೋಲೂರಿಕೊಂಡು ಬಂದು ನನ್ನನ್ನೂ ನನ್ನ ಹೆಂಡತಿಯನ್ನೂ ನಮ್ಮದೇ ಚಾಪೆಯ ಮೇಲೆ ಕೂರಿಸಿ ಹೋದರು. ಆ ದಿನದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈಗ ಅವರು ಹೋಗಿ ಆರು ವರ್ಷ. ನನ್ನ ವೃತ್ತಿಯಲ್ಲಿ ಮೂರು ನಾಲ್ಕು ಕುರ್ಚಿಗಳಿಗೆ ನಾನೂ ಏರಿದೆ. ಒಂದೊಂದು ಸಲವೂ ಕೂರುವ ಮುಂಚೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದೆ, ಯಾರೋ ಮೆತ್ತೆ ತಟ್ಟಿಯಾರು ಎನ್ನುವಂತೆ. ಜನ ಅದನ್ನು ವಿನಯ ಎಂದುಕೊಂಡರು.

ಟವೆಲ್ಲಿನ ವಾಸನೆ ಬಂದ ಆ ಸಂಜೆಯೇ ಆಮಂತ್ರಣದ ಪ್ರಿಂಟು ಹಿಡಿದು ಸರೋಜತ್ತೆಯ ಮನೆಗೆ ಹೋದೆ. ಎರಡು ಗಲ್ಲಿಯ ಆಚೆ, ಮಗಳ ಫ್ಲ್ಯಾಟು. ಅತ್ತೆಗೆ ಎಂಬತ್ತಾರು. ಟೀವಿಯ ಸದ್ದು ತಗ್ಗಿಸಿ, "ನಿನಗೆ ಯಾಕೋ ಇದೆಲ್ಲ? ನಾಯಿ ಜಗಳ ಬಿಡಿಸೋಕಾ?" ಎಂದರು. ಆಮೇಲೆ ಆಮಂತ್ರಣವನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. ಒಂದು ಶಬ್ದದ ಹತ್ತಿರ ಅವರ ಬೆರಳು ನಿಂತಿತು.

"ಅವರ ಶಬ್ದ," ಎಂದರು.

ನಾನು ಹೇಳಿಬಿಟ್ಟೆ. ಪಾಸು, ಬಸ್ ಸ್ಟಾಪು, ಕೆರೆಯ ದಂಡೆ, ಎರಡು ಗಂಟೆ, ಬಸ್ಸು ಸಿಗಲಿಲ್ಲ ಎಂದ ಸುಳ್ಳು, ಎಲ್ಲ. ಅತ್ತೆ ಆಮಂತ್ರಣವನ್ನು ನಾಲ್ಕಾಗಿ ಮಡಿಸುತ್ತ ಕೇಳಿದರು. ಅರವತ್ತು ದಾಟಿದವನು ಎಂಬತ್ತಾರರವರ ಮುಂದೆ ಕೂತು ಮೂಗು ಒರೆಸಿಕೊಳ್ಳುವುದು ನೋಡಲು ಚೆಂದವಲ್ಲ. ಟೀವಿಯ ಕಡೆ ತಿರುಗಿಕೊಂಡೆ.

"ನಿನ್ನನ್ನ ಕರೆದಿದ್ದರು ಅಂತ ನನಗೆ ಗೊತ್ತಿರಲಿಲ್ಲ," ಎಂದರು ಕೊನೆಗೆ. "ಯಾರೋ ಬರ್ತಾರೆ ಅಂದಿದ್ದರು. ಬರಲಿಲ್ಲ ಅಂದರು. ಹೆಸರು ಹೇಳಲಿಲ್ಲ."

ಅದು ಇನ್ನೂ ಭಾರವಾಯಿತು.

"ನನಗೆ ಸಿಟ್ಟಿದ್ದದ್ದು ಬರದೇ ಇದ್ದವರ ಮೇಲಲ್ಲ ಕಣೋ. ಇವರ ಮೇಲೆ. ಆ ಟವೆಲ್ಲಿಗೆ ನೀಲಿ ಹಾಕಿದೋಳು ನಾನು. ಎರಡು ಸಲ ಇಸ್ತ್ರಿ ಮಾಡಿಸಿದೆ. ನಾನೇ ಬರ್ತೀನಿ ಅಂದೆ. ಹೆಂಗಸರು ಆಫೀಸಿಗೆ ಬಂದರೆ ಏನಂದ್ಕೋತಾರೋ ಅಂದರು. ಮೂವತ್ತು ವರ್ಷ ದಿನಾ ಎರಡು ಹೊತ್ತು ಊಟಕ್ಕೆ ಕೂತ್ಕೊಳ್ಳಿ ಅಂದವಳು, ಅಲ್ಲಿ ಬಂದು ಒಂದು ಸಲ ಹೇಳ್ತಿರಲಿಲ್ವಾ?"

ಅತ್ತೆ ಮಡಿಸಿದ್ದನ್ನು ಬಿಡಿಸಿ ಮತ್ತೆ ನೋಡಿದರು.

"ಹನ್ನೊಂದಕ್ಕಾ?"

"ಹಾಕಿರೋದು ಹನ್ನೊಂದು. ಚೋಪ್ರಾ ಸಾಹೇಬರು ಮಾತಾಡಿ ಮುಗಿಸೋ ಹೊತ್ತಿಗೆ ಹನ್ನೆರಡೂವರೆ ಆಗುತ್ತೆ, ಅತ್ತೆ."

"ಆಗಕೂಡದು," ಎಂದು ಟೀವಿಯ ಸದ್ದು ಏರಿಸಿದರು.

ಭಾನುವಾರ ಸೊಸೈಟಿಯ ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಸಮೋಸಾ, ಐವತ್ತು ಜನ. ವೇದಿಕೆಯ ಮೇಲೆ ಟವೆಲ್ ಹೊದ್ದ ಕುರ್ಚಿ, ಅದರ ಪಕ್ಕದಲ್ಲಿ ನಾನು ನಿಂತಿದ್ದೆ. ಚೋಪ್ರಾ ಸಾಹೇಬರು ಮೈಕು ಹಿಡಿದು ನೀರಿನ ಟ್ಯಾಂಕಿನ ಇತಿಹಾಸದಲ್ಲಿದ್ದರು. ಮೊದಲ ಸಾಲಿನಲ್ಲಿ ನಿಧಿಯ ಪಕ್ಕ ಸರೋಜತ್ತೆ, ಗಂಜಿ ಹಾಕಿದ ಹತ್ತಿಯ ಸೀರೆಯಲ್ಲಿ. ಅವರ ಕಣ್ಣು ನನ್ನ ಮೇಲಿರಲಿಲ್ಲ. ನನ್ನ ತಲೆಯ ಮೇಲಿನ ಗೋಡೆಯ ಗಡಿಯಾರದ ಮೇಲಿತ್ತು.

ಹನ್ನೊಂದೂವರೆ. ಹನ್ನೊಂದು ಮುಕ್ಕಾಲು. ಸಾಹೇಬರು ಟ್ಯಾಂಕಿನಿಂದ ಲಿಫ್ಟಿಗೆ ಬಂದರು.

ಅತ್ತೆ ಎದ್ದರು. ನಿಧಿ "ಅಜ್ಜಿ, ವೇಟ್," ಎಂದು ಸೆರಗು ಹಿಡಿದಳು. ಅತ್ತೆ ಅವಳ ಕೈಯನ್ನೇ ಕೋಲು ಮಾಡಿಕೊಂಡು ವೇದಿಕೆಯ ಎರಡು ಮೆಟ್ಟಿಲು ಹತ್ತಿದರು. ಚೋಪ್ರಾ ಸಾಹೇಬರು "ಮಾತಾಜೀ?" ಎಂದು ಮೈಕು ಇಳಿಸಿದರು. ಹಾಲ್‌ನಲ್ಲಿ ಸಮೋಸಾ ತಿನ್ನುವುದೂ ನಿಂತಿತು. ಅತ್ತೆ ಟವೆಲ್ಲಿನ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, ನೀಲಿ ಹೆಚ್ಚಾಗಿದೆ ಎನ್ನುವ ಹಾಗೆ ತುಟಿ ಕೊಂಕಿಸಿದರು. ನಿಧಿಗೆ ಕಣ್ಸನ್ನೆ ಮಾಡಿ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಎಳೆಸಿದರು. ಆಮೇಲೆ ಮೆತ್ತೆಯನ್ನು ಎರಡು ಸಲ ತಟ್ಟಿದರು.

"ಬಾಪ್ಪಾ, ಕೂತ್ಕೋ."

ಐವತ್ತು ಜನ ನೋಡುತ್ತಿದ್ದರು. ನನ್ನ ಕಿವಿ ಬಿಸಿಯಾಗಲಿಲ್ಲ. ಆದರೆ ಕಾಲು ಏಳಲಿಲ್ಲ. ಆ ಕುರ್ಚಿ ನನಗಿಂತ ಮೊದಲು ಇನ್ನೊಬ್ಬರದು, ಅವರು ಇನ್ನೂ ಕೂತಿಲ್ಲ ಎನಿಸುತ್ತಿತ್ತು. ಅತ್ತೆಗೆ ಅದೂ ಗೊತ್ತಾಯಿತೋ ಏನೋ. ಗಡಿಯಾರದ ಕಡೆ ಗಲ್ಲ ಎತ್ತಿ ತೋರಿಸಿದರು.

"ಕೂತ್ಕೊಳೋ. ಇನ್ನೂ ಹನ್ನೆರಡಾಗಿಲ್ಲ."